ನೂರು ಕೋಳಿಯ ಸೀಸೆ

ಕಳೆದ ಆಷಾಢದ ಒಂದು ಬೆಳಿಗ್ಗೆ ಕೆಂಪಿ ಗೂಡಿನಿಂದ ಕೆಳಗಿಳಿಯಲಿಲ್ಲ. ನಾನು ರಾಗಿ ಡಬ್ಬ ಅಲ್ಲಾಡಿಸಿದೆ. ಬೇರೆ ದಿನವಾದರೆ ಆ ಸದ್ದಿಗೆ ಟೆರೇಸಿನ ಆ ತುದಿಯಿಂದ ಈ ತುದಿಗೆ ಓಡಿಬರುವವಳು, ಅವತ್ತು ಒಂದು ಕಣ್ಣು ತೆರೆದು ನೋಡಿ ಮತ್ತೆ ಮುಚ್ಚಿಕೊಂಡಳು. ಎತ್ತಿ ಮಡಿಲಲ್ಲಿ ಇಟ್ಟುಕೊಂಡು ಕತ್ತಿನ ಬುಡ ಮುಟ್ಟಿದೆ. ಗರಿಯ ಅಡಿಯಲ್ಲಿ, ಎದೆಮೂಳೆಗಿಂತ ಮೇಲೆ, ಸ್ವಲ್ಪ ಬಲಕ್ಕೆ ಕೋಳಿಯ ಮೇವಿನ ಚೀಲ ಇರುತ್ತದೆ. ಸಂಜೆ ತಿಂದದ್ದು ರಾತ್ರಿಯೊಳಗೆ ಕೆಳಗಿಳಿದು, ಬೆಳಗಾಗುವಷ್ಟರಲ್ಲಿ ಆ ಚೀಲ ಇದೆಯೋ ಇಲ್ಲವೋ ಅನ್ನುವಷ್ಟು ಬರಿದಾಗಿರಬೇಕು. ಅವತ್ತು ಅಲ್ಲಿ ಕಿತ್ತಳೆಹಣ್ಣಿನಷ್ಟು ದೊಡ್ಡ ಗಂಟು. ಅಮುಕಿದರೆ ನಾದಿಟ್ಟ ಹಿಟ್ಟಿನ ಹಾಗೆ ಬೆರಳಿಗೆ ಜಗ್ಗುತ್ತಿತ್ತು. ಕೊಕ್ಕಿನ ಹತ್ತಿರ ಮೂಗಿಟ್ಟರೆ ಮೂರು ದಿನ ಹೊರಗೇ ಮರೆತ ದೋಸೆ ಹಿಟ್ಟಿನ ಹುಳಿ ವಾಸನೆ.

"ಅಜ್ಜಿ, ಡಾಕ್ಟರ್ ಹತ್ರ ಕರ್ಕೊಂಡು ಹೋಗೋಣ" ಎಂದಳು ಮೊಮ್ಮಗಳು. ಒಂಬತ್ತು ವರ್ಷದವಳು. ನನಗೆ ನಗು ಬಂತು, ಜೊತೆಗೆ ಒಂಥರಾ ಸಂಕೋಚ. ಬೆಂಗಳೂರಿನ ಯಲಹಂಕದ ಕಡೆಯ ಇದೇ ಸಿಂಗಾಪುರದಲ್ಲಿ, ಇದೇ ನಿವೇಶನದ ಮೇಲೆ ಇದ್ದ ಹೆಂಚಿನ ಮನೆಯಲ್ಲಿ, ನಾನು ಒಂಬತ್ತು ವರ್ಷದವಳಾಗಿದ್ದಾಗ ಕೋಳಿಯೊಂದು ಹೀಗೆ ತೂಕಡಿಸಿದ್ದರೆ ನನ್ನ ಅಜ್ಜಿ ಹೇಳುತ್ತಿದ್ದ ಮಾತು ಬೇರೆ. "ಆ ಕೋಳಿ ತೂಗಡಿಸ್ತೈತೆ, ಮಧ್ಯಾಹ್ನಕ್ಕೆ ಖಾರ ಅರಿ." ಕೋಳಿ ಕೇಳಿ ಮಸಾಲೆ ಅರೀತಾರಾ ಅನ್ನುವ ಗಾದೆ ನಮ್ಮ ಮನೆಯಲ್ಲಿ ಬರೀ ಗಾದೆಯಾಗಿರಲಿಲ್ಲ, ಕೋಳಿಯ ವೈದ್ಯಶಾಸ್ತ್ರವೇ ಅದಾಗಿತ್ತು.

ಕೆಂಪಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಆಟೋಗೆ ಕಾಯುವಾಗ ನನಗೆ ಹೊಳೆದದ್ದು ಇದು. ನಮ್ಮ ಊರ ಕಡೆ ಕೋಳಿರೋಗದ ಚರಿತ್ರೆ ದೊಡ್ಡದಿದೆ. ಆದರೆ ಅದೆಲ್ಲ 'ಕೋಳಿಗಳ' ಚರಿತ್ರೆ. ಒಂದು ಕೋಳಿಗೆ ಹೊಟ್ಟೆ ಕೆಟ್ಟರೆ ಏನು ಮಾಡಬೇಕು ಅನ್ನುವುದಕ್ಕೆ ಅದರಲ್ಲಿ ಒಂದು ಪುಟವೂ ಇಲ್ಲ.

ಅಜ್ಜಿಯ ಕಾಲದ ಸಿಂಗಾಪುರ ಅಂದರೆ ಯಲಹಂಕ ಹೋಬಳಿಯ ಒಂದು ರಾಗಿ ಹೊಲದ ಹಳ್ಳಿ. ಕೆರೆ, ಕೆರೆಯ ಕೆಳಗೆ ಒಂದಿಷ್ಟು ಗದ್ದೆ, ಮೇಲೆಲ್ಲ ಕೆಮ್ಮಣ್ಣಿನ ಹೊಲ. ಪ್ರತಿ ಮನೆಗೂ ಒಂದು ತಿಪ್ಪೆ, ಪ್ರತಿ ತಿಪ್ಪೆಗೂ ಹತ್ತು ಹದಿನೈದು ಕೋಳಿ. ಹುಂಜ ಗಂಡಸರ ಲೆಕ್ಕ, ಹಬ್ಬಕ್ಕೋ ಹರಕೆಗೋ ಹೋಗುವುದು. ಹ್ಯಾಟೆ ಮತ್ತು ಮೊಟ್ಟೆ ಹೆಂಗಸರ ಲೆಕ್ಕ. ಮೊಟ್ಟೆ ಮಾರಿದ ಕಾಸು ಅಜ್ಜಿಯ ಎಲೆಅಡಿಕೆ ಚೀಲದ ಒಳಪದರ ಸೇರುತ್ತಿತ್ತು, ತಾತ ಅದನ್ನು ಕೇಳುವ ಹಾಗಿರಲಿಲ್ಲ. ಕೋಳಿ ಸತ್ತರೆ ಸಾಯುತ್ತಿದ್ದದ್ದು ಆ ಚೀಲದೊಳಗಿನ ಕಾಸು.

ಮೇವು ಹಾಕುವುದು ಅಂತ ಯಾರೂ ಹಾಕುತ್ತಿರಲಿಲ್ಲ. ಸಂಜೆ ಗೂಡಿಗೆ ಕರೆಯಲು ಒಂದು ಹಿಡಿ ರಾಗಿ ಅಥವಾ ನುಚ್ಚು, ಅಷ್ಟೆ. ಉಳಿದದ್ದು ಕೋಳಿ ತಾನೇ ಕೆರೆದು ತಿನ್ನಬೇಕು. ಮರಿಗಳಿಗೆ ಮಾತ್ರ ವಿಶೇಷ ಉಪಚಾರ. ಹಳೆ ಮಡಕೆಯಲ್ಲಿ ಸಗಣಿ, ಒಣಹುಲ್ಲು ತುಂಬಿ ನೀರು ಚಿಮುಕಿಸಿ, ಹುತ್ತದ ಪಕ್ಕ ಬೋರಲು ಹಾಕಿ ಬಂದರೆ ಬೆಳಗಾಗುವಷ್ಟರಲ್ಲಿ ಮಡಕೆ ತುಂಬ ಗೆದ್ದಲು. ಅದನ್ನು ಅಂಗಳದಲ್ಲಿ ಕೊಡವಿದರೆ ಮರಿಗಳ ಮದುವೆ ಊಟ. ತಿಪ್ಪೆಯಲ್ಲಿ, ಗಾಡಿ ದಾರಿಯಲ್ಲಿ ಹೆಕ್ಕಿದ ಕಾಳಿನ ಜೊತೆಗೆ ಕೋಳಿಗಳು ಸಣ್ಣ ಕಲ್ಲನ್ನೂ ನುಂಗುತ್ತಿದ್ದವು. ಹಲ್ಲಿಲ್ಲದ ಹಕ್ಕಿಗೆ ಆ ಕಲ್ಲೇ ಹಲ್ಲು. ಕೋಳಿ ಕೊಯ್ದಾಗ ಅಜ್ಜಿ ಕಂದನಕಾಯಿಯನ್ನು ಸೀಳಿ, ಒಳಗಿನ ಹಳದಿ ಪೊರೆ ಸುಲಿದು, ಅದರಲ್ಲಿದ್ದ ಬಿಳಿ ಕಪ್ಪು ಹರಳುಗಳನ್ನು ನನ್ನ ಅಂಗೈಗೆ ಸುರಿಯುತ್ತಿದ್ದಳು. ತಿರುಗಿ ತಿರುಗಿ ಸವೆದ ಆ ಹರಳುಗಳು ಎಣ್ಣೆ ಹಚ್ಚಿದ ಹಾಗೆ ನುಣ್ಣಗಿರುತ್ತಿದ್ದವು.

ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ, ಹಿಕ್ಕೆ ಓದಲು ಬರುತ್ತಿತ್ತು. ಬೆಳಿಗ್ಗೆ ಮಂಕರಿ ಎತ್ತಿದ ತಕ್ಷಣ ಅವಳ ಕಣ್ಣು ಕೋಳಿಯ ಮೇಲಲ್ಲ, ನೆಲದ ಮೇಲೆ. ಕಂದು ಬಣ್ಣ, ತುದಿಗೆ ಬಿಳಿ ಸುಣ್ಣದ ಟೋಪಿ ಇದ್ದರೆ ಸರಿ. ಆ ಬಿಳಿ ಅಂದರೆ ಕೋಳಿಯ ಮೂತ್ರ; ಹಕ್ಕಿಗಳು ಎರಡನ್ನೂ ಒಟ್ಟಿಗೇ ಹಾಕುತ್ತವೆ. ಆಗೊಮ್ಮೆ ಈಗೊಮ್ಮೆ ಕಾಕಂಬಿಯಂಥ ಅಂಟು ಹಿಕ್ಕೆ ಬಂದರೂ ಹೆದರಬೇಕಾಗಿಲ್ಲ, ಅದು ಕುರುಡುಗರುಳಿನದು. ಹೆದರಬೇಕಾದ ಬಣ್ಣಗಳು ಮೂರು. ಪುಟ್ಟ ಮರಿಗಳ ಹಿಂಭಾಗಕ್ಕೆ ಸುಣ್ಣ ಮೆತ್ತಿದ ಹಾಗೆ ಅಂಟಿದರೆ ಬಿಳಿ ಭೇದಿ. ಮಳೆಗಾಲದಲ್ಲಿ ಬೆಳೆಯುವ ಮರಿಗಳಿಗೆ ಕೆಂಪು ಕಂಡರೆ ರಕ್ತ ಭೇದಿ. ದೊಡ್ಡ ಕೋಳಿ ಹಸಿರು ನೀರು ಹಾಕಿದರೆ ಮಾತ್ರ ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಊರು ಸುತ್ತಲು ಹೊರಡುತ್ತಿದ್ದಳು: "ನಿಮ್ಮನೆ ಕೋಳಿ ಹೆಂಗವೆ?"

ಈ ಮೂರಕ್ಕೂ ಪ್ರಯೋಗಾಲಯದಲ್ಲಿ ಬೇರೆ ಬೇರೆ ಹೆಸರುಗಳಿವೆ ಅಂತ ನನಗೆ ಗೊತ್ತಾದದ್ದು ಟೀಚರ್ ಕೆಲಸಕ್ಕೆ ಸೇರಿ ಪುಸ್ತಕ ಓದುವ ಚಟ ಹತ್ತಿದ ಮೇಲೆ. ಬಿಳಿ ಭೇದಿ ಒಂದು ಬ್ಯಾಕ್ಟೀರಿಯದ್ದು. ತಾಯಿಯ ಅಂಡಾಶಯದಲ್ಲಿ ಕೂತು ಮೊಟ್ಟೆಯೊಳಗಿಂದಲೇ ಮರಿಗೆ ಬರುತ್ತದೆ. ರಕ್ತ ಭೇದಿ ಕಾಕ್ಸಿಡಿಯ ಅನ್ನುವ ಸೂಕ್ಷ್ಮಜೀವಿಯದು. ಅದರ ತತ್ತಿ ಹಿಕ್ಕೆಯ ಜೊತೆ ನೆಲಕ್ಕೆ ಬಿದ್ದು, ತೇವ ಮತ್ತು ಬಿಸುಪು ಸಿಕ್ಕರೆ ಒಂದೆರಡು ದಿನದಲ್ಲಿ ಮಾಗುತ್ತದೆ. ಅದನ್ನು ಮತ್ತೊಂದು ಮರಿ ಕುಕ್ಕಿದರೆ ಆಯಿತು. ನೆಲ ಒಣಗಿದ್ದರೆ ಮಾಗುವುದಿಲ್ಲ. ಅಜ್ಜಿ ದಿನಾ ಗೂಡಿಗೆ ಒಲೆಬೂದಿ ಎರಚುತ್ತಿದ್ದದ್ದು, ಬಿಸಿಲು ಬಂದ ದಿನ ಮಂಕರಿಯನ್ನು ಚಪ್ಪಡಿ ಮೇಲೆ ಮಗುಚಿ ಒಣಗಿಸುತ್ತಿದ್ದದ್ದು ಇದನ್ನೇ ತಡೆಯುತ್ತಿತ್ತು. ಕಾರಣ ಕೇಳಿದರೆ "ಹೇನು ಆಯ್ತವೆ" ಅನ್ನುತ್ತಿದ್ದಳು. ಕಾರಣ ಬೇರೆ, ಕೆಲಸ ಸರಿ.

ಹಸಿರು ಭೇದಿಗೆ ಬೂದಿ ನಾಟುತ್ತಿರಲಿಲ್ಲ. ಜಜ್ಜಿದ ಬೆಳ್ಳುಳ್ಳಿ, ಅರಿಶಿನ ಕಲಸಿದ ಮುದ್ದೆ ಉಂಡೆ, ಮಜ್ಜಿಗೆ ನೀರು, ಯಾವುದೂ ನಾಟುತ್ತಿರಲಿಲ್ಲ. ಮೊದಲ ದಿನ ಕೋಳಿ ರೆಕ್ಕೆ ಜೋಲು ಹಾಕಿ ಮೂಲೆ ಸೇರುತ್ತದೆ. ಬಾಯಿ ತೆರೆದು ಏದುಸಿರು ಬಿಡುತ್ತದೆ. ಬದುಕಿ ನಾಲ್ಕು ದಿನ ದಾಟಿದರೆ ಕತ್ತು ತಿರುಚಿಕೊಂಡು ಆಕಾಶ ನೋಡುತ್ತ ಗಿರಗಿರ ಸುತ್ತುತ್ತದೆ. ಒಂದು ವಾರದಲ್ಲಿ ಬೀದಿಯ ಕೋಳಿಯೆಲ್ಲ ಖಾಲಿ. ಕೊಕ್ಕರೆ ರೋಗ ಅನ್ನುತ್ತಿದ್ದರು. ಬರೀ 'ರೋಗ' ಅಂದರೂ ಅದೇ ಅರ್ಥ. "ರೋಗ ಬಿತ್ತು" ಅನ್ನುವುದು ಮಾತಿನ ರೀತಿ. ಮಳೆ ಬಿದ್ದ ಹಾಗೆ, ಸಿಡಿಲು ಬಿದ್ದ ಹಾಗೆ, ಊರ ಮೇಲೆ ಬೀಳುವುದು ಅದು. ನಮ್ಮ ಕಡೆ ಬಹಳ ಸಲ ಬೀಳುತ್ತಿದ್ದದ್ದು ಯುಗಾದಿಯ ಆಸುಪಾಸಿನ ಬಿಸಿಲಲ್ಲಿ. ಹೊಸತೊಡಕಿಗೆ ಅಂತ ಉಳಿಸಿಕೊಂಡ ಹುಂಜ ಹಬ್ಬಕ್ಕೆ ಮೊದಲೇ ಹೋಗುತ್ತಿತ್ತು.

ಆಗ ಊರು ಎರಡು ಕೆಲಸ ಮಾಡುತ್ತಿತ್ತು. ಒಂದು, ಮಾರಮ್ಮನಿಗೆ ತಂಬಿಟ್ಟು ಒಪ್ಪಿಸಿ, ಮಾರಿಯನ್ನು ಊರ ಗಡಿ ದಾಟಿಸಿ ಬರುವುದು. ಎರಡು, ಇನ್ನೂ ಗಟ್ಟಿಯಾಗಿ ಕಾಣುವ ಕೋಳಿಗಳನ್ನು ಸಂತೆಗೆ ಒಯ್ಯುವುದು, ಇಲ್ಲವೇ ತಂಗಿ ಮನೆಗೋ ಬೀಗರ ಮನೆಗೋ ಸಾಗಿಸುವುದು. ತೂಕಡಿಸಿದ್ದನ್ನು ಕೊಯ್ದು ತಿಂದು, ಕರುಳು ಪುಕ್ಕ ತಿಪ್ಪೆಗೆ ಎಸೆಯುವುದಂತೂ ಇದ್ದೇ ಇತ್ತು. ರೋಗದ ವೈರಸ್ಸು ಹಿಕ್ಕೆಯಲ್ಲಿ, ಸಿಂಬಳದಲ್ಲಿ, ಮಾಂಸದಲ್ಲಿ, ಮನುಷ್ಯನ ಕಾಲಿನ ಮಣ್ಣಿನಲ್ಲಿ ಸಾಗುತ್ತದೆ. ಅಂದರೆ ನಾವು ಮಾರಿಯನ್ನು ನಿಜವಾಗಿಯೂ ಗಡಿ ದಾಟಿಸುತ್ತಿದ್ದೆವು, ಮಂಕರಿಯಲ್ಲಿ ಹೊತ್ತು. ಮುಂದಿನ ವಾರ ದೊಡ್ಡಬೆಟ್ಟಹಳ್ಳಿಯಲ್ಲೋ ಅಬ್ಬಿಗೆರೆಯಲ್ಲೋ ರೋಗ ಬಿತ್ತು ಅನ್ನುವ ಸುದ್ದಿ ಬರುತ್ತಿತ್ತು.

ಈ ರೋಗಕ್ಕೆ ಪುಸ್ತಕದಲ್ಲಿ ಒಂದು ಹುಟ್ಟಿದ ದಿನವಿದೆ. 1926ರಲ್ಲಿ ಜಾವಾ ದ್ವೀಪದಲ್ಲಿ ಕೋಳಿಗಳು ಹೀಗೆ ಸತ್ತದ್ದನ್ನು ಕ್ರಾನೆವೆಲ್ಡ್ ಎಂಬಾತ ವರದಿ ಮಾಡಿದ. ಅದೇ ವರ್ಷ ಇಂಗ್ಲೆಂಡಿನ ನ್ಯೂಕಾಸಲ್ ಊರಿನ ಹತ್ತಿರ ರೋಗ ಕಾಣಿಸಿತು. ಅದನ್ನು ಪರೀಕ್ಷಿಸಿದ ಡಾಯ್ಲ್ ಆ ಊರಿನ ಹೆಸರನ್ನೇ ಇಟ್ಟ. ಒಂದೆರಡು ವರ್ಷದಲ್ಲಿ ಕುಮಾವೂನ್ ಬೆಟ್ಟದ ರಾಣಿಖೇತ್‌ನಲ್ಲಿ ಕಂಡಾಗ, ಅಲ್ಲಿಗೆ ಸಮೀಪದ ಮುಕ್ತೇಶ್ವರದ ಪಶುವೈದ್ಯ ಸಂಶೋಧನಾ ಸಂಸ್ಥೆಯ ಎಡ್ವರ್ಡ್ಸ್ ಅದನ್ನು ದಾಖಲಿಸಿದ. ಅಲ್ಲಿಂದ ಇಡೀ ಭಾರತಕ್ಕೆ ಅದು ರಾಣಿಖೇತ್ ರೋಗ. ಚಿಕ್ಕವಳಿದ್ದಾಗ ಈ ಹೆಸರು ಕೇಳಿ ಯಾವುದೋ ರಾಣಿಗೆ ಬಂದ ಕಾಯಿಲೆ ಅಂದುಕೊಂಡಿದ್ದೆ. ಆ ಊರಿನ ಹೆಸರಿನ ಅರ್ಥ ರಾಣಿಯ ಹೊಲ. ಯಾರ ತಪ್ಪಿಗೋ ಒಂದು ಚೆಂದದ ಊರು ಕೋಳಿಯ ಹಸಿರು ಭೇದಿಗೆ ಹೆಸರಾಗಿ ಉಳಿಯಿತು.

ಮದ್ದಿನ ಚರಿತ್ರೆಯಲ್ಲಿ ಕೋಳಿಯ ಋಣ ದೊಡ್ಡದು. ಪ್ರಯೋಗಾಲಯದಲ್ಲಿ ರೋಗಾಣುವನ್ನೇ ಬಲಗುಂದಿಸಿ ಮಾಡಿದ ಮೊದಲ ಲಸಿಕೆ ಮನುಷ್ಯನದಲ್ಲ, ಕೋಳಿಯ ಕಾಲರಾದ್ದು. ಹಳತಾದ ರೋಗಾಣು ಸಾರ ಚುಚ್ಚಿಸಿಕೊಂಡ ಕೋಳಿಗಳು ಸಾಯದೆ, ಆಮೇಲೆ ತಾಜಾ ರೋಗಾಣುವನ್ನೂ ತಡೆದುಕೊಂಡದ್ದನ್ನು ಪಾಶ್ಚರ್ 1880ರಲ್ಲಿ ಲೋಕಕ್ಕೆ ತಿಳಿಸಿದ. ಹುಚ್ಚುನಾಯಿ ಕಡಿತದ ಅವನ ಲಸಿಕೆ ಬಂದದ್ದು ಅದಾಗಿ ಐದು ವರ್ಷಕ್ಕೆ. ರಾಣಿಖೇತ್‌ಗೆ ನಮ್ಮ ದೇಶದ ಲಸಿಕೆ ಸಿದ್ಧವಾದದ್ದು 1940ರ ದಶಕದಲ್ಲಿ, ಅದೇ ಮುಕ್ತೇಶ್ವರದಲ್ಲಿ. ಮೊಟ್ಟೆಯೊಳಗಿನ ಭ್ರೂಣದಿಂದ ಭ್ರೂಣಕ್ಕೆ ವೈರಸ್ಸನ್ನು ದಾಟಿಸುತ್ತ ದಾಟಿಸುತ್ತ ಅದರ ಉಗ್ರತೆ ಇಳಿಸಿದರು. ಕೋಳಿಯ ಪ್ರಾಣ ಉಳಿಸುವ ಮದ್ದು ಬೆಳೆಯುವುದೂ ಕೋಳಿಮೊಟ್ಟೆಯಲ್ಲೇ.

ನಮ್ಮ ಕಡೆಗೆ ಆ ಮದ್ದು ಬಂದದ್ದು ಹೆಬ್ಬಾಳದಿಂದ. 1925ರಲ್ಲಿ ಮೈಸೂರು ಸರ್ಕಾರ ಸೀರಂ ಇನ್‌ಸ್ಟಿಟ್ಯೂಟ್ ಕಟ್ಟಿದ್ದು ಕೋಳಿಗಾಗಿ ಅಲ್ಲ, ದನಗಳ ದೊಡ್ಡರೋಗಕ್ಕಾಗಿ. ಆ ಕಾಲದಲ್ಲಿ ದೊಡ್ಡರೋಗ ಅಂದರೆ ಹಟ್ಟಿಗೆ ಹಟ್ಟಿಯೇ ಬರಿದಾಗುವುದು, ಉಳುಮೆ ನಿಲ್ಲುವುದು. ದನಕ್ಕೆ ಮೊದಲ ಸಾಲು, ಕೋಳಿಗೆ ಕೊನೆಯ ಸಾಲು. ಪಶುವೈದ್ಯ ಶಾಲೆಯನ್ನು ಇವತ್ತಿಗೂ ನಮ್ಮ ಜನ ದನದ ಆಸ್ಪತ್ರೆ ಅನ್ನುತ್ತಾರೆ. ಕೋಳಿ 'ಪಶು' ಆದದ್ದು ಯಾವಾಗ ಅಂತ ಯಾರಿಗೂ ನೆನಪಿಲ್ಲ. ದೊಡ್ಡರೋಗ 2011ರಲ್ಲಿ ಇಡೀ ಭೂಮಿಯಿಂದಲೇ ಅಳಿದುಹೋಯಿತು ಎಂದು ಘೋಷಿಸಿದರು. ಹೆಬ್ಬಾಳದ ಸಂಸ್ಥೆ ಹೆಸರು ಬದಲಾಯಿಸಿಕೊಂಡು ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಾಗಿ ಕೋಳಿ, ಕುರಿ, ದನ ಎಲ್ಲಕ್ಕೂ ಲಸಿಕೆ ಮಾಡುತ್ತ ಉಳಿದಿದೆ. ರಾಣಿಖೇತ್ ಮಾತ್ರ ಎಲ್ಲೂ ಹೋಗಿಲ್ಲ.

1971ನೇ ಇಸವಿ ಇರಬೇಕು. ಯಲಹಂಕದ ದನದ ಆಸ್ಪತ್ರೆಯಿಂದ ಸೈಕಲ್ಲಿನಲ್ಲಿ ಒಬ್ಬರು ಬಂದರು. ಖಾಕಿ ನಿಕ್ಕರು, ಹ್ಯಾಂಡಲ್ಲಿಗೆ ತಗುಲಿಸಿದ ಥರ್ಮಾಸ್ ಫ್ಲಾಸ್ಕು. "ಕೋಳಿಗೆ ಸೂಜಿ ಹಾಕೋರು ಬಂದವ್ರೆ" ಅಂತ ಹುಡುಗರು ಕೂಗಿಕೊಂಡು ಓಡಿದೆವು. ಫ್ಲಾಸ್ಕಿನ ಮುಚ್ಚಳ ತಿರುಗಿಸಿದಾಗ ಹೊಗೆಯಾಡಿತು. ಒಳಗಿದ್ದದ್ದು ಟೀ ಅಲ್ಲ, ಐಸು. ಐಸಿನ ನಡುವೆ ಕಿರುಬೆರಳಿನಷ್ಟು ಸೀಸೆ, ಅದರ ತಳದಲ್ಲಿ ಬಿಸ್ಕತ್ತಿನ ಚೂರಿನಂಥ ಒಣ ಬಿಲ್ಲೆ. ಅದಕ್ಕೆ ಉಪ್ಪುನೀರು ಸೇರಿಸಿ ಅಲ್ಲಾಡಿಸಿದರೆ ನೂರು ಕೋಳಿಗೆ ಮದ್ದು. ಒಂದಕ್ಕೆ ಅರ್ಧ ಮಿಲಿಲೀಟರು, ರೆಕ್ಕೆಯ ಬುಡದ ಚರ್ಮದ ಕೆಳಗೆ. ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು, ಇಲ್ಲದಿದ್ದರೆ ನೀರಿಗೆ ಸಮ.

ಅಲ್ಲಿ ಒಂದು ಇಕ್ಕಟ್ಟಿತ್ತು. ಯಾವ ಮನೆಯಲ್ಲೂ ನೂರು ಕೋಳಿ ಇಲ್ಲ. ಆದ್ದರಿಂದ ಊರೆಲ್ಲ ಒಂದು ಕಡೆ ಸೇರಲೇಬೇಕು, ಮಾತು ಬಿಟ್ಟವರೂ ಸೇರಬೇಕು. ಅರಳಿಕಟ್ಟೆಯ ಹತ್ತಿರ ಮಂಕರಿಗಳ ಸಾಲು. ಬದುವಿನ ಜಗಳದಲ್ಲಿ ಮೂರು ವರ್ಷ ಮುಖ ನೋಡದ ಎದುರುಮನೆ ದೊಡ್ಡಮ್ಮ, ನನ್ನ ಅಜ್ಜಿಯ ಹ್ಯಾಟೆಯ ಕಾಲು ಹಿಡಿದುಕೊಂಡು ನಿಂತದ್ದು ನನಗೆ ಚೆನ್ನಾಗಿ ನೆನಪಿದೆ. ಕಾಲು ಹಿಡಿದದ್ದು ಕೋಳಿಯದು, ಮಾತು ಆಡಿದ್ದೂ ಕೋಳಿಯ ಜೊತೆಗೇ: "ಹೆದರ್ಕೋಬೇಡ ಸುಮ್ಕಿರು, ನಿಮ್ಮಮ್ಮಂಗಿಂತ ನೀನೇ ವಾಸಿ." ಅಜ್ಜಿ ಸೆರಗಿನ ಮರೆಯಲ್ಲಿ ನಕ್ಕಳು.

ಎಲ್ಲರೂ ಸೂಜಿ ಹಾಕಿಸಲಿಲ್ಲ. "ಸೂಜಿ ಹಾಕಿಸಿದ್ರೇ ಕೋಳಿ ಸಾಯೋದು" ಅನ್ನುವವರಿದ್ದರು. ಅದು ಬರೀ ಮೂಢನಂಬಿಕೆಯಲ್ಲ. ಆ ಲಸಿಕೆ ಜೀವಂತ ವೈರಸ್ಸು, ಸ್ವಲ್ಪ ಖಡಕ್ಕು. ಎಂಟು ವಾರ ತುಂಬದ ಮರಿಗೆ, ಹುಳ ತುಂಬಿದ ಸೊರಗಿದ ಕೋಳಿಗೆ ಅದೇ ಭಾರವಾಗುತ್ತಿತ್ತು. ಆಗಲೇ ರೋಗ ಒಳಹೊಕ್ಕ ಕೋಳಿಗೆ ಚುಚ್ಚಿದರಂತೂ ಕೋಳಿ ಸಾಯುತ್ತಿತ್ತು, ಹೆಸರು ಸೂಜಿಗೆ ಬರುತ್ತಿತ್ತು. ಆದರೂ ಮುಂದಿನ ಯುಗಾದಿಗೆ ಯಾರ ಮನೆಯಲ್ಲಿ ಹುಂಜ ಕೂಗುತ್ತಿದೆ ಅನ್ನುವುದು ಊರಿಗೆ ಕೇಳಿಸುತ್ತಿತ್ತು. ಅದಕ್ಕಿಂತ ದೊಡ್ಡ ಪ್ರಚಾರ ಬೇಕಿರಲಿಲ್ಲ.

ಆಮೇಲಿನದು ಬೇಗ ಹೇಳಿ ಮುಗಿಸಬಹುದು, ಆದದ್ದೂ ಬೇಗನೇ. ಹೆಬ್ಬಾಳದಲ್ಲಿ 1958ರಲ್ಲೇ ಪಶುವೈದ್ಯ ಕಾಲೇಜು ಶುರುವಾಗಿತ್ತು. ಅತ್ತ ಹೆಸರಘಟ್ಟದಲ್ಲಿ ಕೇಂದ್ರ ಸರ್ಕಾರದ ಕೋಳಿ ತಳಿ ಕೇಂದ್ರ ಬೆಳೆಯಿತು. 1980ರ ದಶಕದ ಕೊನೆಗೆ ಹೆಬ್ಬಾಳದವರು ಗಿರಿರಾಜ ತಳಿ ಕೊಟ್ಟರು. ಬಣ್ಣ ನಾಟಿಯದು, ತೂಕ ಫಾರಂನದು, ತಿಪ್ಪೆ ಕೆರೆದು ಬದುಕುವ ಗಟ್ಟಿತನವೂ ಇತ್ತು. ಮೊಟ್ಟೆ ನಾಟಿಗಿಂತ ಎರಡು ಪಟ್ಟು, ಕಾವಿಗೆ ಕೂರುವ ಬುದ್ಧಿ ಮಾತ್ರ ಇಲ್ಲ. ನಮ್ಮಮ್ಮ ಗಿರಿರಾಜನ ಮೊಟ್ಟೆಯನ್ನು ನಾಟಿ ಹ್ಯಾಟೆಯ ಕೆಳಗಿಟ್ಟು ಮರಿ ಮಾಡಿಸಿದಳು. ತಾಯಿಗಿಂತ ದೊಡ್ಡದಾಗಿ ಬೆಳೆದ ಮರಿಗಳನ್ನು ನೋಡಿ ಆ ಹ್ಯಾಟೆ ಕಕ್ಕಾಬಿಕ್ಕಿಯಾಗಿತ್ತು. ಆದರೆ ಹಿತ್ತಲಿಗೆ ತಕ್ಕ ಕೋಳಿ ಸಿದ್ಧವಾಗುವಷ್ಟರಲ್ಲಿ ಹಿತ್ತಲೇ ಹೊರಟು ನಿಂತಿತ್ತು. ಜಾಲಹಳ್ಳಿಯ ಬಿಇಎಲ್, ಎಚ್‌ಎಂಟಿ ಕಾರ್ಖಾನೆಗಳ ಹಿಂದೆಯೇ ಬಡಾವಣೆಗಳು ಬಂದವು, ವಿದ್ಯಾರಣ್ಯಪುರ ನಮ್ಮ ಹೊಲದ ಅಂಚಿಗೆ ಬಂತು. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಒಳಗೆ ಎಳೆದುಕೊಂಡು ಬೃಹತ್ ಬೆಂಗಳೂರು ಆಯಿತು. ಮರುವರ್ಷ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ. ರಾಗಿ ಹೊಲ ಚದರಡಿ ಲೆಕ್ಕಕ್ಕೆ ಬಿತ್ತು. ನಮ್ಮದೂ ಹೆಂಚಿನ ಮನೆ ಹೋಗಿ ಮೂರು ಮಹಡಿ, ನಾಲ್ಕು ಬಾಡಿಗೆ ಮನೆ ಆಯಿತು. ತಿಪ್ಪೆ ಇದ್ದ ಜಾಗದಲ್ಲಿ ಈಗ ಸಂಪು.

ಊರು ನಗರವಾದ ಮೇಲೆ ಕೋಳಿಯನ್ನು ವೃತ್ತ ಎಳೆದು ಅಳೆಯುವ ಕಾಲ ಬಂತು. 2012ರ ಅಕ್ಟೋಬರಿನಲ್ಲಿ ಹೆಸರಘಟ್ಟದ ಕೇಂದ್ರದಲ್ಲಿ ಟರ್ಕಿ ಕೋಳಿಗಳು ಸತ್ತು ಹಕ್ಕಿಜ್ವರ ಎಂದು ಖಚಿತವಾಯಿತು. ಅಲ್ಲಿನ ಹಕ್ಕಿಗಳನ್ನೆಲ್ಲ ಕೊಲ್ಲಬೇಕಾಯಿತು. 2018ರ ಹೊಸವರ್ಷದ ಹೊತ್ತಿಗೆ ಹೆಬ್ಬಾಳದಾಚೆಯ ದಾಸರಹಳ್ಳಿಯಲ್ಲಿ ಮತ್ತೆ ಅದೇ ಜ್ವರ, ಸುತ್ತ ಹತ್ತು ಕಿಲೋಮೀಟರು ಕಣ್ಗಾವಲು. 2025ರ ಏರೋ ಇಂಡಿಯಾಕ್ಕೆ ಯಲಹಂಕ ವಾಯುನೆಲೆಯ ಸುತ್ತ 13 ಕಿಲೋಮೀಟರು ಮಾಂಸ ಮಾರಾಟವಿರಲಿಲ್ಲ. ಕರುಳಿಗೆ ಹದ್ದು ಬರುತ್ತದೆ, ಹದ್ದು ವಿಮಾನಕ್ಕೆ ಬಡಿಯುತ್ತದೆ ಅಂತ. ಕೋಳಿಯ ಕರುಳನ್ನು ತಿಪ್ಪೆಗೆ ಎಸೆದ ಅಜ್ಜಿಗೆ ಇದನ್ನು ಹೇಳಿದ್ದರೆ ನಂಬುತ್ತಿರಲಿಲ್ಲ. ಸಿಂಗಾಪುರವನ್ನು ನಡುವೆ ಇಟ್ಟು ನಾನೂ ಒಂದು ವೃತ್ತ ಎಳೆಯಬಲ್ಲೆ. ಅದರೊಳಗೆ ಹೆಬ್ಬಾಳದ ಕಾಲೇಜು, ಲಸಿಕೆ ಸಂಸ್ಥೆ, ಯಲಹಂಕ ರಾಮಗೊಂಡನಹಳ್ಳಿಯಲ್ಲಿ ದೇಶದ ಪಶುರೋಗಗಳ ಲೆಕ್ಕ ಇಡುವ ನಿವೇದಿ ಸಂಸ್ಥೆ ಎಲ್ಲವೂ ಬರುತ್ತವೆ. ಇಷ್ಟು ವಿದ್ಯೆಯ ನಡುವೆ ಟವೆಲಿನಲ್ಲಿ ಸುತ್ತಿದ ಒಂದು ಕೋಳಿ, ಹುಳಿ ವಾಸನೆ ಬೀರುತ್ತ ನನ್ನ ಮಡಿಲಲ್ಲಿ.

ಮೊದಲು ಹೋದ ಖಾಸಗಿ ಕ್ಲಿನಿಕ್ಕಿನಲ್ಲಿ ಕೌಂಟರಿನ ಹುಡುಗಿ ನಯವಾಗಿಯೇ ಹೇಳಿದಳು, "ನಾವು ನಾಯಿ ಬೆಕ್ಕು ಮಾತ್ರ ನೋಡೋದು ಆಂಟಿ." ಪಕ್ಕದಲ್ಲಿ ಕೂತಿದ್ದವರ ನಾಯಿ ಟವೆಲನ್ನು ಮೂಸಿ ಬಾಲ ಅಲ್ಲಾಡಿಸಿತು. ಎರಡನೆಯದಾದ ಸರ್ಕಾರಿ ಆಸ್ಪತ್ರೆಯಲ್ಲಿ ಚೀಟಿ ಬರೆಯುವವರು ತಲೆ ಎತ್ತದೆ ಕೇಳಿದರು, "ಪ್ರಾಣಿ ಹೆಸರು?" ನಾನು "ಕೋಳಿ" ಅಂದೆ. ಮೊಮ್ಮಗಳು "ಕೆಂಪಿ" ಅಂದಳು. ಅವರು ಕೆಂಪಿ ಅಂತಲೇ ಬರೆದರು. ನಮ್ಮ ಮನೆತನದಲ್ಲಿ ಸರ್ಕಾರಿ ಕಾಗದದ ಮೇಲೆ ಹೆಸರು ಬಂದ ಮೊದಲ ಕೋಳಿ ಅದು.

ವೈದ್ಯರು ವಯಸ್ಸಿನಲ್ಲಿ ನನ್ನ ಮಗನಿಗಿಂತ ಚಿಕ್ಕವರು. ಕಣ್ಣು, ಜುಟ್ಟು, ಹಿಂಭಾಗ ನೋಡಿ, ಆಮೇಲೆ ಕೇಳಿದ ಪ್ರಶ್ನೆಗಳಲ್ಲಿ ಅರ್ಧ ನನ್ನ ಅಜ್ಜಿಯವೇ. ಹಿಕ್ಕೆ ಯಾವ ಬಣ್ಣ? ಹಸಿರು ಅಂದೆ, ಎದೆ ಹೊಡೆದುಕೊಳ್ಳುತ್ತ. ಅವರು ನಕ್ಕರು. ಹೊಟ್ಟೆಗೆ ಏನೂ ಇಳಿಯದಿದ್ದರೆ ಬರೀ ಪಿತ್ತ ಬರುತ್ತದಮ್ಮ, ಅದೂ ಹಸಿರೇ, ಎಲ್ಲ ಹಸಿರೂ ರಾಣಿಖೇತ್ ಅಲ್ಲ. ಇನ್ನರ್ಧ ಪ್ರಶ್ನೆ ಅಜ್ಜಿ ಕೇಳದವು. ಕೊನೆಯ ಮೊಟ್ಟೆ ಯಾವಾಗ? ಓಡಾಡುವ ಜಾಗ ಯಾವುದು? ಅಲ್ಲಿ ಕಲ್ಲು ಸಿಗುತ್ತದಾ? ಟೆರೇಸಿನಲ್ಲಿ ಏನೇನಿದೆ? ಟೊಮೆಟೊ, ಬದನೆಕಾಯಿ, ಸೊಪ್ಪು ಅಂದೆ. ಯಾವುದರಲ್ಲಿ ಬೆಳೆಸಿದ್ದೀರಿ? ಗ್ರೋ ಬ್ಯಾಗು, ಕೋಕೋಪೀಟು. ಅವರು ತಲೆಯಾಡಿಸಿದರು.

ಒತ್ತಿ ನೀವಿ ನೋಡಿದರು, ಗಂಟು ಕರಗಲಿಲ್ಲ. ಮರಗಟ್ಟುವ ಸೂಜಿ ಹಾಕಿ, ಚೀಲದ ಮೇಲಿನ ಗರಿ ಕಿತ್ತು, ಎರಡು ಬೆರಳಗಲ ಕೊಯ್ದರು. ಚಿಮಟದಲ್ಲಿ ಹಿಡಿದು ಎಳೆದಾಗ ಮೊದಲು ಬಂದದ್ದು ಒಂದೆಳೆ, ಅದರ ಹಿಂದೆ ಇನ್ನೊಂದು, ಆಮೇಲೆ ಜಡೆ ಬಿಚ್ಚಿದ ಹಾಗೆ ಒಂದು ಮುಷ್ಟಿ ತೆಂಗಿನ ನಾರು. ನಾರಿನ ನಡುವೆ ಹುಳಿತ ರಾಗಿ. ತೊಳೆದು, ಒಳಗಿನ ಚೀಲಕ್ಕೆ ಒಂದು ಹೊಲಿಗೆ, ಹೊರಚರ್ಮಕ್ಕೆ ಒಂದು ಹೊಲಿಗೆ. ಅರ್ಧ ಗಂಟೆಯ ಕೆಲಸ. ಮೊಮ್ಮಗಳು ಕಣ್ಣು ಮಿಟುಕಿಸದೆ ನೋಡಿದಳು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಜೀವಮಾನದಲ್ಲಿ ಎಷ್ಟು ಕೋಳಿ ಕೊಯ್ದಿದ್ದೇನೋ ಲೆಕ್ಕವಿಲ್ಲ, ಬದುಕಿಸಲು ಕೊಯ್ದದ್ದನ್ನು ಮಾತ್ರ ನೋಡಲಾಗಲಿಲ್ಲ.

ನಾಲ್ಕೈದು ದಿನ ತೆಳ್ಳನೆ ರಾಗಿ ಅಂಬಲಿ, ಹನಿಹನಿಯಾಗಿ. ಮದ್ದು ಮುಗಿದು ಅವರು ಹೇಳಿದಷ್ಟು ದಿನ ಕಳೆಯುವವರೆಗೆ ಮೊಟ್ಟೆ ತಿನ್ನುವಂತಿಲ್ಲ. ಗ್ರೋ ಬ್ಯಾಗುಗಳಿಗೆಲ್ಲ ಬಲೆ ಬಿಗಿದೆ. ಉಳಿದದ್ದು ಕಲ್ಲು. ತಿಪ್ಪೆ, ಗಾಡಿ ದಾರಿ ಇದ್ದ ಕಾಲಕ್ಕೆ ಯಾರೂ ಯೋಚಿಸದ ವಸ್ತು, ಟೈಲ್ಸ್ ಹಾಕಿದ ಟೆರೇಸಿನಲ್ಲಿ ಎಲ್ಲಿಂದ ಬರಬೇಕು? ಎದುರುಗಡೆ ಅಪಾರ್ಟ್‌ಮೆಂಟ್ ಏಳುತ್ತಿದೆ. ಅಲ್ಲಿಂದ ಒಂದು ಬಾಂಡ್ಲಿ ಎಂ-ಸ್ಯಾಂಡ್ ಕೇಳಿ ತಂದು, ಜರಡಿ ಹಿಡಿದು, ತೊಳೆದು, ಮೆಣಸಿನ ಕಾಳಿನಷ್ಟು ದಪ್ಪದ ಹರಳುಗಳನ್ನು ಬಟ್ಟಲಿಗೆ ಹಾಕಿಟ್ಟೆ. ಬಂಡೆ ಪುಡಿ ಮಾಡಿದ ಮರಳು ಅದು, ಮೂಲೆ ಚೂಪು. ಕೆಂಪಿ ಒಂದೊಂದೇ ಆರಿಸಿ ನುಂಗಿದಳು.

ಹೊಲಿಗೆ ಒಣಗಿದ ಮೇಲೆ ವೈದ್ಯರು ರಾಣಿಖೇತ್ ಲಸಿಕೆ ಹಾಕಿಸಿ ಅಂದರು, ಕಾಯಿಲೆ ಇರುವಾಗ ಹಾಕಬಾರದು, ಈಗ ಹಾಕಬಹುದು. ಪಶು ಔಷಧಿ ಅಂಗಡಿಯಲ್ಲಿ ಕೇಳಿದೆ. ಫ್ರಿಜ್ಜಿನಿಂದ ತೆಗೆದು ಕೈಗಿಟ್ಟ. ಅದೇ ಕಿರುಬೆರಳಿನ ಸೀಸೆ, ತಳದಲ್ಲಿ ಅದೇ ಒಣ ಬಿಲ್ಲೆ. ಚೀಟಿಯ ಮೇಲೆ 100 ಡೋಸ್. "ಒಂದು ಕೋಳಿಗೆ ಬೇಕಿತ್ತಲ್ಲಪ್ಪ?" "ಒಂದಕ್ಕೆ ಯಾರೂ ಮಾಡಲ್ಲ ಮೇಡಂ."

ಬಡಾವಣೆಯ ವಾಟ್ಸಾಪ್ ಗುಂಪಿಗೆ ಬರೆದೆ. ನಮ್ಮ ಬೀದಿಯಲ್ಲಿ ಕೋಳಿ ಇರುವುದು ನನ್ನಲ್ಲಿ ಮಾತ್ರ ಅಂದುಕೊಂಡಿದ್ದೆ. ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಪಾರ್ಕಿಂಗಿಗೆ ಸಾಫ್ಟ್‌ವೇರ್ ದಂಪತಿ ಬೆಕ್ಕಿನ ಬುಟ್ಟಿಯಲ್ಲಿ ಎರಡು ಕಪ್ಪು ಕೋಳಿ ತಂದರು. ಹಿಂದಿನ ರಸ್ತೆಯ ನಿವೃತ್ತ ಬಿಇಎಲ್‌ನವರು ಮೂರು ತಂದರು. ಎದುರಿನ ಅಪಾರ್ಟ್‌ಮೆಂಟ್ ಸೈಟಿನ ವಾಚ್‌ಮನ್ ಯಾದಗಿರಿ ಕಡೆಯವನು. ಅವನ ಹೆಂಡತಿ ಸಿಮೆಂಟ್ ಚೀಲಕ್ಕೆ ತೂತು ಮಾಡಿ ಐದು ನಾಟಿ ಹ್ಯಾಟೆ ಹೊತ್ತು ತಂದಳು. ಕೆಂಪಿ ಸೇರಿ ಹನ್ನೊಂದು. ಆಸ್ಪತ್ರೆಯ ಸಹಾಯಕರೊಬ್ಬರು ಐಸ್ ಡಬ್ಬಿಯಿಂದ ಸೀಸೆ ತೆಗೆದರು. ಕೋಳಿಯ ಕಾಲು ಹಿಡಿಯಲು ಸಾಫ್ಟ್‌ವೇರ್ ಹುಡುಗಿಗೆ ಬರಲಿಲ್ಲ. ವಾಚ್‌ಮನ್ ಹೆಂಡತಿ ಅವಳ ಕೈ ಮೇಲೆ ಕೈಯಿಟ್ಟು ತೋರಿಸಿದಳು. "ರೋಗ ಬಿದ್ರ ಒಂದೂ ಉಳಿಯಂಗಿಲ್ರಿ" ಅಂದಳು ನನಗೆ, "ನಮ್ಮೂರಾಗ ಹ್ವಾದ ವರ್ಷ ಹಂಗ ಆತು."

ಐವತ್ತು ಮಿಲಿಲೀಟರಿನಲ್ಲಿ ಮುಗಿದದ್ದು ಐದೂವರೆ. ಉಳಿದದ್ದು ಎಂಬತ್ತೊಂಬತ್ತು ಕೋಳಿಯ ಮದ್ದು. ಜೀವಂತ ವೈರಸ್ಸು, ಚರಂಡಿಗೆ ಚೆಲ್ಲಬಾರದು, ಕುದಿಸಿ ಎಸೆಯಬೇಕು. ಹಳೆ ಪಾತ್ರೆಯಲ್ಲಿ ಸೀಸೆ ಇಟ್ಟು ಒಲೆ ಹಚ್ಚುವಾಗ ವಾಚ್‌ಮನ್ ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಇಷ್ಟೂ ಸುಮ್ನ ಹೋತಲ್ರಿ ಅಮ್ಮಾರ. ಮುಂದಿನ ಸಲ ಮೊದ್ಲ ಹೇಳ್ರಿ. ಆ ಕಡಿ ಸೈಟಿನ್ಯಾಗ ನನ್ನ ತಂಗಿ ಅದಾಳ, ಅಕಿ ಹತ್ರ ಹದಿನೈದು ಅದಾವ."

ಕ್ಯಾಲೆಂಡರಿನಲ್ಲಿ ಯುಗಾದಿಗೆ ಒಂದು ತಿಂಗಳು ಮುಂಚಿನ ಭಾನುವಾರಕ್ಕೆ ಗುರುತು ಹಾಕಿ, ಪಕ್ಕದಲ್ಲಿ 26 ಎಂದು ಬರೆದೆ.